ನೀರನ್ನು ಓದುವ ವಿದ್ಯೆ

ಸಹ್ಯಾದ್ರಿಯಲ್ಲಿ ಹುಟ್ಟಿ ಪೂರ್ವಾಭಿಮುಖವಾಗಿ ಹರಿಯುವ ಘಟಪ್ರಭೆಯು ಬೆಳಗಾವಿ ಜಿಲ್ಲೆಯಲ್ಲಿ ಒಂದೇ ನದಿಯಾಗಿದ್ದೂ ಹಲವು ರೂಪಗಳನ್ನು ತಾಳುತ್ತದೆ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಅದು ಅಣೆಕಟ್ಟಿನ ಹಿಂದೆ ಸಮುದ್ರದಂತೆ ಹರಡಿ ನಿಂತಿದೆ. ಧೂಪದಾಳದಲ್ಲಿ ಒಡ್ಡಿನ ಮೇಲಿನಿಂದ ಜಾರಿ ಇಳಿಯುತ್ತದೆ. ಗೋಕಾಕದ ಸಮೀಪದಲ್ಲಿ ಮರಳುಗಲ್ಲಿನ ಕಡಿದಾದ ಬಂಡೆಯ ಮೇಲಿನಿಂದ ೫೨ ಮೀಟರು, ಎಂದರೆ ಸುಮಾರು ೧೭೧ ಅಡಿಗಳ ಆಳಕ್ಕೆ ಧುಮುಕುತ್ತದೆ. ಮುಂದೆ ಮೂಡಲಗಿ ತಾಲೂಕಿನ ಸುಣಧೋಳಿ, ಅವರಾದಿಗಳ ಕಡೆಗೆ ಕಬ್ಬಿನ ಹೊಲಗಳ ನಡುವೆ ಸಾವಧಾನವಾಗಿ ಸಾಗಿ, ಕೊನೆಗೆ ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಮಕ್ಕಳು ಕಾಲಿನಿಂದಲೇ ದಾಟುವ ತಾವಿನಲ್ಲಿ ಶ್ರಾವಣದ ಹೊತ್ತಿಗೆ ಸೇತುವೆಯೇ ಮುಳುಗಿರುವುದುಂಟು.

ನಿಂತ ನೀರು, ಜಾರುವ ನೀರು, ಧುಮುಕುವ ನೀರು, ಹರಿಯುವ ನೀರು ಇವೆಲ್ಲವೂ ನೀರೇ. ಆದರೆ ಇವುಗಳ ಸ್ವಭಾವ ಬೇರೆ ಬೇರೆ. ಆ ಸ್ವಭಾವವನ್ನು ಕಣ್ಣಿನಿಂದ ಗುರುತಿಸಿ, ಅದಕ್ಕೆ ತಕ್ಕಂತೆ ದೋಣಿಯನ್ನು ನಡೆಸುವುದು ಒಂದು ವಿದ್ಯೆ. ಇಂದು ಲೋಕದ ಹಲವೆಡೆಗಳಲ್ಲಿ ಸಾಹಸಕ್ರೀಡೆಯೆಂದು ಹೆಸರಾಗಿರುವ ಕಯಾಕ್ ವಿಹಾರವು ಈ ವಿದ್ಯೆಯನ್ನೇ ಆಧರಿಸಿದೆ.

ಕನ್ನಡ ನಾಡಿಗೆ ದೋಣಿಯ ವಿದ್ಯೆ ಹೊಸದಲ್ಲ. ಹರಿಗೋಲು ನಮ್ಮ ನದಿಗಳ ಪುರಾತನ ವಾಹನ. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಹೊರಗೆ ತೊಗಲನ್ನು ಹೊದಿಸಿ ಇದನ್ನು ಕಟ್ಟುತ್ತಿದ್ದರು. ಈಚೆಗೆ ತೊಗಲಿನ ಬದಲು ಟಾರು ಬಳಿದ ಗಟ್ಟಿ ಬಟ್ಟೆಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಬಳಸುತ್ತಾರೆ. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಯಸನು, ತುಂಗಭದ್ರೆಯನ್ನು ದಾಟಲು ಜನರು ಬಳಸುತ್ತಿದ್ದ ತೊಗಲು ಹೊದಿಸಿದ ಬುಟ್ಟಿಯಾಕಾರದ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಹರಿಗೋಲಿನ ತಳವು ಚಪ್ಪಟೆಯಾದುದರಿಂದ ಅದು ಸ್ವಲ್ಪ ನೀರಿನಲ್ಲಿಯೂ ತೇಲುತ್ತದೆ. ಬಂಡೆಗೆ ತಾಗಿದರೆ ಒಡೆಯದೆ ಬಳುಕಿ, ತಿರುಗಿ ಸರಿಯುತ್ತದೆ. ಹೆಚ್ಚು ಭಾರವನ್ನೂ ಹೊರುತ್ತದೆ. ಆದರೆ ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಸೆಳವು ಬಲವಾದಾಗ ಅದು ಬುಗುರಿಯಂತೆ ಸುತ್ತತೊಡಗುತ್ತದೆ. ಅಲೆಯು ಒಳಗೆ ನುಗ್ಗಿದರೆ ನೀರು ತುಂಬಿ ಭಾರವಾಗುತ್ತದೆ. ಆದುದರಿಂದ ಅನುಭವಿಯಾದ ಅಂಬಿಗನು ನದಿಯು ಶಾಂತವಾಗಿರುವ ಎಡೆಯನ್ನೇ ಆರಿಸಿಕೊಂಡು ದಾಟುತ್ತಾನೆ.

ಇದೇ ಸಮಸ್ಯೆಗೆ ಭೂಮಿಯ ಇನ್ನೊಂದು ತುದಿಯ ಜನರು ಬೇರೆಯೇ ಪರಿಹಾರವನ್ನು ಕಂಡುಕೊಂಡರು. ಉತ್ತರಧ್ರುವದ ಸಮೀಪದ ಹಿಮಪ್ರದೇಶಗಳಲ್ಲಿ ವಾಸಿಸುವ ಇನ್ಯೂಟ್ ಜನರಿಗೆ ಸಮುದ್ರದ ಬೇಟೆಯೇ ಜೀವನಾಧಾರವಾಗಿತ್ತು. ಅಲ್ಲಿ ಮರಗಳು ಬೆಳೆಯುವುದಿಲ್ಲ. ತೆರೆಗಳು ತಂದು ದಡಕ್ಕೆ ಹಾಕಿದ ಮರದ ತುಂಡುಗಳಿಂದಲೂ ಪ್ರಾಣಿಗಳ ಎಲುಬುಗಳಿಂದಲೂ ಹಂದರವನ್ನು ಕಟ್ಟಿ, ಸೀಲ್ ಎಂಬ ಕಡಲ ಪ್ರಾಣಿಯ ಚರ್ಮವನ್ನು ಅದಕ್ಕೆ ಹೊದಿಸಿ ಅವರು ಕಯಾಕನ್ನು ರಚಿಸಿದರು. ಹರಿಗೋಲಿನಂತೆ ಇದು ಕೂಡ ಚರ್ಮದ ದೋಣಿಯೇ. ಆದರೆ ಆಕಾರದಲ್ಲಿ ಅದಕ್ಕೆ ತೀರ ವಿರುದ್ಧವಾದುದು. ಹರಿಗೋಲು ದುಂಡಗೆ, ಕಯಾಕ್ ಉದ್ದಕ್ಕೆ. ಹರಿಗೋಲು ತೆರೆದುದು, ಕಯಾಕ್ ಮುಚ್ಚಿದುದು. ಕಯಾಕಿನ ನಡುವೆ ಒಬ್ಬನು ಕಾಲು ಚಾಚಿ ಕುಳಿತುಕೊಳ್ಳುವಷ್ಟು ಕಿಂಡಿಯಿರುತ್ತದೆ. ಕುಳಿತವನು ತೊಟ್ಟ ಚರ್ಮದ ಅಂಗಿಯ ಅಂಚನ್ನು ಆ ಕಿಂಡಿಯ ಸುತ್ತ ಬಿಗಿದರೆ ಹನಿ ನೀರೂ ಒಳಗೆ ಹೋಗದು. ದೋಣಿ ಮಗುಚಿದರೂ ಬೇಟೆಗಾರನು ಹೊರಗೆ ಬೀಳುತ್ತಿರಲಿಲ್ಲ. ಹುಟ್ಟನ್ನು ನೀರಿಗೆ ಒತ್ತಿ, ಸೊಂಟವನ್ನು ತಿರುಗಿಸಿ ಮತ್ತೆ ಮೇಲೇಳುತ್ತಿದ್ದನು. ಹೆಪ್ಪುಗಟ್ಟುವ ಆ ಕಡಲಿನಲ್ಲಿ ದೋಣಿಯಿಂದ ಹೊರಬಿದ್ದವನು ಬದುಕುವುದು ದುರ್ಲಭವಾದುದರಿಂದ, ಈ ಚಮತ್ಕಾರವು ಅವರಿಗೆ ಆಟವಾಗಿರಲಿಲ್ಲ, ಪ್ರಾಣರಕ್ಷಣೆಯ ಉಪಾಯವಾಗಿತ್ತು. ೧೯೨೭ರಲ್ಲಿ ಆಸ್ಟ್ರಿಯದ ಪಾವ್ಲಾಟನು ಇದನ್ನು ಸ್ವಪ್ರಯತ್ನದಿಂದ ಸಾಧಿಸಿದ ಮೇಲೆ ಯುರೋಪಿನ ದೋಣಿಗಾರರಲ್ಲಿಯೂ ಅದು ಪ್ರಚಾರಕ್ಕೆ ಬಂದಿತು.

ಚರ್ಮದ ಕಯಾಕು ಇಂದಿನ ರೂಪಕ್ಕೆ ಬಂದದ್ದು ಹಂತಹಂತವಾಗಿ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯಲ್ಲಿ ಮಡಚಿ ಚೀಲದಲ್ಲಿ ಒಯ್ಯಬಹುದಾದ ಬಟ್ಟೆಯ ಕಯಾಕ್ ತಯಾರಾಯಿತು. ರೈಲಿನಲ್ಲಿ ನದಿಯ ಮೂಲದವರೆಗೆ ಹೋಗಿ, ನೀರಿನ ಮೇಲೆ ಹಿಂದಿರುಗುವ ಹವ್ಯಾಸ ಅಲ್ಲಿಂದ ಬೆಳೆಯಿತು. ಆ ಶತಮಾನದ ನಡುವಿನಲ್ಲಿ ಗಾಜಿನ ನಾರಿನ ದೋಣಿಗಳು ಬಂದವು. ಅವು ಹಗುರವಾಗಿದ್ದರೂ ಬಂಡೆಗೆ ಬಡಿದರೆ ಸೀಳುತ್ತಿದ್ದವು. ೧೯೭೦ರ ದಶಕದಲ್ಲಿ ಪಾಲಿಥೀನ್ ಪ್ಲಾಸ್ಟಿಕ್ಕಿನ ಕಯಾಕುಗಳು ಬಂದ ಮೇಲೆ ದೊಡ್ಡ ಬದಲಾವಣೆಯೇ ಆಯಿತು. ನಮ್ಮ ಮನೆಗಳ ಮಾಳಿಗೆಯ ಮೇಲೆ ಕಾಣುವ ಕಪ್ಪು ನೀರಿನ ಟ್ಯಾಂಕನ್ನು ಮಾಡುವ ವಿಧಾನದಿಂದಲೇ ಇವನ್ನೂ ಮಾಡುತ್ತಾರೆ. ಪ್ಲಾಸ್ಟಿಕ್ ಪುಡಿಯನ್ನು ಟೊಳ್ಳಾದ ಅಚ್ಚಿನಲ್ಲಿ ತುಂಬಿ, ಕಾಯಿಸುತ್ತ ತಿರುಗಿಸಿದರೆ, ಕರಗಿದ ಪುಡಿಯು ಒಳಗೋಡೆಗೆ ಸಮನಾಗಿ ಅಂಟಿ ಬೆಸುಗೆಯಿಲ್ಲದ ಒಂದೇ ಪಾತ್ರೆಯಾಗುತ್ತದೆ. ಇಂಥ ದೋಣಿಯು ಬಂಡೆಗೆ ಬಡಿದರೆ ತಗ್ಗಬಹುದು, ಸುಲಭವಾಗಿ ಒಡೆಯದು.

ದೋಣಿಯ ಜೊತೆಗೆ ಉಳಿದ ಸಲಕರಣೆಗಳೂ ಬೆಳೆದಿವೆ. ಇನ್ಯೂಟರ ಅಂಗಿಯ ಸ್ಥಾನದಲ್ಲಿ ಹಿಗ್ಗುವ ರಬ್ಬರಿನ ಹೊದಿಕೆಯೊಂದು ಸೊಂಟದಿಂದ ಕಿಂಡಿಯ ಅಂಚಿಗೆ ಬಿಗಿದಿರುತ್ತದೆ. ಅದರ ಮುಂದಿನ ಕುಣಿಕೆಯನ್ನು ಎಳೆದರೆ ಕ್ಷಣಮಾತ್ರದಲ್ಲಿ ಬಿಚ್ಚಿಕೊಂಡು, ಕುಳಿತವನು ಹೊರಬರಬಹುದು. ತಲೆಗೆ ಗಟ್ಟಿಯಾದ ಶಿರಸ್ತ್ರಾಣ, ಎದೆಗೆ ತೇಲುವ ಕವಚ, ಕೈಗೆ ಸಿಗುವಂತೆ ಚೀಲದಲ್ಲಿ ತುಂಬಿದ ಎಸೆಯುವ ಹಗ್ಗ ಇವು ಮೂರು ಇಲ್ಲದೆ ತಿಳಿದವರಾರೂ ನೊರೆನೀರಿಗೆ ಇಳಿಯುವುದಿಲ್ಲ. ತೇಲುವ ಕವಚದ ತತ್ತ್ವವು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು ಹಲವರಿದ್ದಾರೆ. ೨೦೧೩ರ ಮುಂಗಾರಿನಲ್ಲಿ ಕೃಷ್ಣೆಯ ನಡುಗಡ್ಡೆಯಾದ ನೀಲಕಂಠರಾಯನಗಡ್ಡಿಯಿಂದ ತುಂಬು ಗರ್ಭಿಣಿಯೊಬ್ಬಳು ಇಂಥ ಬುರುಡೆಗಳನ್ನು ಕಟ್ಟಿಕೊಂಡು, ಮನೆಯವರ ಜೊತೆಯಲ್ಲಿ ತುಂಬಿದ ಹೊಳೆಯನ್ನು ಈಜಿ ಆಸ್ಪತ್ರೆಯ ದಾರಿ ಹಿಡಿದಳು. ಗಾಳಿಯನ್ನು ಹಿಡಿದಿಟ್ಟ ಹಗುರವಾದ ವಸ್ತುವು ಮನುಷ್ಯನನ್ನು ಎತ್ತಿ ಹಿಡಿಯುತ್ತದೆ ಎಂಬ ತತ್ತ್ವ ಎರಡಕ್ಕೂ ಒಂದೇ.

ಆದರೆ ಸಲಕರಣೆಯೊಂದೇ ಸಾಲದು. ನೀರಿನ ಬಲವೆಂಥದೆಂಬುದನ್ನು ಅರಿಯಬೇಕು. ಒಂದು ಘನಮೀಟರು ನೀರು ೧೦೦೦ ಕಿಲೋಗ್ರಾಮು ತೂಗುತ್ತದೆ. ಹರಿವಿನ ವೇಗವು ಎರಡು ಪಟ್ಟಾದರೆ ಅದು ತಳ್ಳುವ ಬಲವು ನಾಲ್ಕು ಪಟ್ಟಾಗುತ್ತದೆ. ಮೊಳಕಾಲುದ್ದದ ನೀರೆಂದು ಹಗುರವಾಗಿ ಎಣಿಸಿದವರು ಕೊಚ್ಚಿಹೋಗುವುದಕ್ಕೆ ಇದೇ ಕಾರಣ.

ಈ ಬಲವು ನದಿಯ ಮೇಲ್ಮೈಯಲ್ಲಿ ಗುರುತುಗಳನ್ನು ಬರೆಯುತ್ತದೆ. ಎರಡು ಬಂಡೆಗಳ ನಡುವೆ ನುಸುಳುವ ನೀರು ಕೆಳಮುಖವಾಗಿ ಚೂಪಾದ ನಾಲಗೆಯಂತೆ ನುಣ್ಣಗೆ ಕಂಡರೆ ಅದು ದಾರಿ. ಚೂಪು ಮೇಲ್ಮುಖವಾಗಿದ್ದರೆ ಅಲ್ಲಿ ಬಂಡೆಯೊಂದು ಅಡಗಿದೆಯೆಂದು ತಿಳಿಯಬೇಕು. ದೊಡ್ಡ ಬಂಡೆಯ ಹಿಂಬದಿಯಲ್ಲಿ ನೀರು ಹೊರಳಿ, ಬಂಡೆಯ ಕಡೆಗೇ ಮೆಲ್ಲನೆ ಹರಿಯುತ್ತದೆ. ಅದು ದೋಣಿಗಾರನ ವಿಶ್ರಾಂತಿಯ ತಾಣ. ಅಲ್ಲಿ ನಿಂತು ಅವನು ಮುಂದಿನ ಹೆಜ್ಜೆಯನ್ನು ಯೋಚಿಸುತ್ತಾನೆ. ನೊರೆನೀರಿನ ಇಂಥ ಎಡೆಗಳನ್ನು ಲೋಕದ ದೋಣಿಗಾರರು ಕಠಿಣತೆಗನುಗುಣವಾಗಿ ಆರು ದರ್ಜೆಗಳಲ್ಲಿ ವಿಂಗಡಿಸಿದ್ದಾರೆ. ಮೊದಲನೆಯ ದರ್ಜೆಯಲ್ಲಿ ಕಿರುಅಲೆಗಳು ಮಾತ್ರ ಇರುತ್ತವೆ. ಆರನೆಯದು ಪರಿಣತರೂ ಹಿಂಜರಿಯುವ ಪ್ರಾಣಾಪಾಯದ ಎಡೆ. ಒಂದೇ ಸ್ಥಳದ ದರ್ಜೆಯು ನೀರು ಏರಿದಂತೆ ಬದಲಾಗುವುದೂ ಉಂಟು. ಆದುದರಿಂದ ನಿನ್ನೆಯ ಅನುಭವವು ಇಂದಿಗೆ ಪ್ರಮಾಣವಾಗದು.

ಕಣ್ಣಿಗೆ ಭಯಂಕರವಾದುದೇ ಅಪಾಯಕರವೆಂದು ಭಾವಿಸುವುದು ಸರಿಯಲ್ಲ. ನದಿಗೆ ಅಡ್ಡಲಾಗಿ ಕಟ್ಟಿದ ತಗ್ಗಾದ ಒಡ್ಡನ್ನು ನೋಡಿದರೆ ಭಯ ಹುಟ್ಟುವುದಿಲ್ಲ. ನೀರು ಅದರ ಮೇಲಿನಿಂದ ಸಮನಾಗಿ, ಸುಂದರವಾಗಿ ಇಳಿಯುತ್ತದೆ. ಆದರೆ ಹೀಗೆ ಇಳಿದ ನೀರು ಬುಡದಲ್ಲಿ ಆಳಕ್ಕೆ ಹೋಗಿ, ಮೇಲಕ್ಕೆ ಬಂದು, ಮೇಲ್ಮೈಯಲ್ಲಿ ಮತ್ತೆ ಒಡ್ಡಿನ ಕಡೆಗೇ ಹರಿಯುತ್ತದೆ. ಅದರಲ್ಲಿ ಸಿಕ್ಕಿದ ಮರದ ದಿಮ್ಮಿ ಗಂಟೆಗಟ್ಟಲೆ ಅಲ್ಲಿಯೇ ಉರುಳುತ್ತಿರುವುದನ್ನು ಕಾಣಬಹುದು. ಮನುಷ್ಯನ ಗತಿಯೂ ಅದೇ. ನೊರೆಯಲ್ಲಿ ಗಾಳಿ ಬೆರೆತಿರುವುದರಿಂದ ಅಲ್ಲಿ ದೇಹವು ಸರಿಯಾಗಿ ತೇಲುವುದೂ ಇಲ್ಲ. ನೈಸರ್ಗಿಕವಾದ ಬಂಡೆಗಳ ನಡುವೆ ಎಲ್ಲಿಯಾದರೂ ಹೊರದಾರಿ ಇರುತ್ತದೆ. ದಡದಿಂದ ದಡಕ್ಕೆ ನೇರವಾಗಿ ಕಟ್ಟಿದ ಒಡ್ಡಿಗೆ ಅದಿರುವುದಿಲ್ಲ. ಕಯಾಕ್ ಪಟುಗಳು ಇಂಥ ಒಡ್ಡುಗಳಿಗೆ ಜಲಪಾತಗಳಿಗಿಂತ ಹೆಚ್ಚಾಗಿ ಅಂಜುತ್ತಾರೆ. ನಮ್ಮ ನದಿಗಳ ಒಡ್ಡು, ಬಾಂದಾರಗಳ ಬಳಿ ಈಜಲು ಹೋಗುವವರು ಇದನ್ನು ನೆನಪಿನಲ್ಲಿಡಬೇಕು.

ಹಾಗಾದರೆ ಗೋಕಾಕದ ಜಲಪಾತದ ಮುಂದೆ ಕಯಾಕ್ ಪಟುವು ಏನು ಮಾಡುವನು? ೨೦೦೯ರಲ್ಲಿ ಅಮೆರಿಕದ ಟೈಲರ್ ಬ್ರ್ಯಾಟ್ ಎಂಬ ತರುಣನು ವಾಷಿಂಗ್ಟನ್ ರಾಜ್ಯದ ಪಲೂಸ್ ಜಲಪಾತದಿಂದ, ಸುಮಾರು ೧೮೯ ಅಡಿಗಳ ಎತ್ತರದಿಂದ, ಕಯಾಕಿನಲ್ಲಿ ಇಳಿದು ಬದುಕಿದನು. ಎತ್ತರವನ್ನಷ್ಟೇ ನೋಡಿದರೆ ಅದು ಗೋಕಾಕದ ಜಲಪಾತಕ್ಕಿಂತ ಸ್ವಲ್ಪವೇ ಹೆಚ್ಚು. ಆದರೆ ಪಲೂಸಿನ ಬುಡದಲ್ಲಿ ಬೀಳುವವನನ್ನು ತಾಳಿಕೊಳ್ಳಬಲ್ಲ ಆಳವಾದ ಮಡುವಿದೆ; ಬ್ರ್ಯಾಟನ ಹಿಂದೆ ವರ್ಷಗಳ ಅಭ್ಯಾಸವೂ ದಡದಲ್ಲಿ ಕಾದಿದ್ದ ಸಂಗಡಿಗರೂ ಇದ್ದರು. ಗೋಕಾಕದಲ್ಲಿ ಕೆಂಪು ನೀರು ಬಂಡೆಗಳ ಕಮರಿಗೆ ಅಪ್ಪಳಿಸುತ್ತದೆ. ಇಂಥ ಎಡೆಯಲ್ಲಿ ಪರಿಣತನು ಮಾಡುವ ಕೆಲಸ ಒಂದೇ: ಬಹು ಮೊದಲೇ ದಡಕ್ಕೆ ಬಂದು, ದೋಣಿಯನ್ನು ಹೆಗಲ ಮೇಲೆ ಹೊತ್ತು ಕಾಲುದಾರಿಯಿಂದ ಇಳಿಯುವುದು. ಹೀಗೆ ಹೊತ್ತು ನಡೆಯುವುದನ್ನು ಆ ಕ್ರೀಡೆಯಲ್ಲಿ ಯಾರೂ ಹೇಡಿತನವೆಂದು ಬಗೆಯುವುದಿಲ್ಲ; ವಿವೇಕವೆಂದು ಗೌರವಿಸುತ್ತಾರೆ. ಚಿತ್ರ ತೆಗೆಸಿಕೊಳ್ಳಲೆಂದು ಜಲಪಾತದ ಪಾಚಿಗಟ್ಟಿದ ಅಂಚಿಗೆ ನಡೆಯುವವರಲ್ಲಿ ಕಾಣುವುದು ಸಾಹಸವಲ್ಲ, ಅಜ್ಞಾನ.

ಕಲಿಯುವ ಬಯಕೆಯುಳ್ಳವರಿಗೆ ಕರ್ನಾಟಕದಲ್ಲಿಯೇ ಅವಕಾಶಗಳಿವೆ. ದಾಂಡೇಲಿಯ ಸಮೀಪದ ಗಣೇಶಗುಡಿಯಲ್ಲಿ ಕಾಳಿನದಿಯ ನೊರೆನೀರಿನ ಮೇಲೆ ಗಾಳಿ ತುಂಬಿದ ರಬ್ಬರ್ ತೆಪ್ಪಗಳಲ್ಲಿ ತಂಡವಾಗಿ ಸಾಗುತ್ತಾರೆ. ಮೇಲಿನ ಸೂಪಾ ಅಣೆಕಟ್ಟಿನಿಂದ ಬಿಡುವ ನೀರನ್ನು ಅನುಸರಿಸಿ ಅಲ್ಲಿಯ ವಿಹಾರ ನಡೆಯುತ್ತದೆ. ಕರಾವಳಿಯ ಮೂಲ್ಕಿ, ಸಸಿಹಿತ್ಲುಗಳಲ್ಲಿ ಹಲಗೆಯ ಮೇಲೆ ನಿಂತು ಕಡಲ ತೆರೆಯನ್ನೇರುವ ಕ್ರೀಡೆ ಬೆಳೆದಿದೆ. ೨೦೧೬ರಲ್ಲಿ ಸಸಿಹಿತ್ಲುವಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆ ಜರುಗಿತು. ತೆರೆಯನ್ನು ಕಯಾಕಿನಲ್ಲಿ ಕುಳಿತು ಏರುವ ಕ್ರೀಡೆಯೂ ಲೋಕದಲ್ಲಿ ಪ್ರಸಿದ್ಧವಾಗಿದೆ. ನದಿಯ ಅಲೆಗೂ ಕಡಲ ಅಲೆಗೂ ಒಂದು ಸ್ವಾರಸ್ಯಕರವಾದ ಭೇದವಿದೆ. ನದಿಯಲ್ಲಿ ನೀರು ಸಾಗುತ್ತದೆ, ಬಂಡೆಯ ಮೇಲೆದ್ದ ಅಲೆ ಅಲ್ಲಿಯೇ ನಿಲ್ಲುತ್ತದೆ. ಕಡಲಿನಲ್ಲಿ ಅಲೆ ಸಾಗುತ್ತದೆ, ನೀರು ಬಹುಮಟ್ಟಿಗೆ ಇದ್ದಲ್ಲಿಯೇ ಏರಿಳಿಯುತ್ತದೆ. ನೊರೆನೀರಿನ ಕಂಬಗಳ ನಡುವೆ ದೋಣಿಯನ್ನು ನುಸುಳಿಸುವ ಸ್ಪರ್ಧೆಯು ೧೯೭೨ರಲ್ಲಿ ಮೊದಲ ಬಾರಿಗೆ ಒಲಿಂಪಿಕ್ಸನ್ನು ಪ್ರವೇಶಿಸಿ, ೧೯೯೨ರಿಂದ ಸತತವಾಗಿ ನಡೆದುಬಂದಿದೆ. ಅಂಥ ಕ್ರೀಡಾಪಟುಗಳು ಕೂಡ ಮೊದಲ ಪಾಠವನ್ನು ಕಲಿಯುವುದು ನಿಂತ ನೀರಿನಲ್ಲಿ, ಗುರುವಿನ ಕಣ್ಣೆದುರಿನಲ್ಲಿಯೇ.

ಈ ವಿದ್ಯೆಯ ಬೆಲೆ ಕ್ರೀಡೆಗಷ್ಟೇ ಸೀಮಿತವಲ್ಲ. ೨೦೧೯ರ ಆಗಸ್ಟ್ ತಿಂಗಳಿನಲ್ಲಿ ಘಟಪ್ರಭೆಯೂ ಅದರ ಉಪನದಿಗಳಾದ ಹಿರಣ್ಯಕೇಶಿ, ಮಾರ್ಕಂಡೇಯಗಳೂ ಒಮ್ಮೆಗೇ ಉಕ್ಕಿದಾಗ, ಗೋಕಾಕದ ಬಳಿಯ ಲೋಳಸೂರ ಸೇತುವೆ ಮುಳುಗಿತು. ಪಟ್ಟಣದ ಓಣಿಗಳಲ್ಲಿ ನೀರು ಹರಿಯಿತು. ಆಗ ದೋಣಿಗಳೇ ಜನರ ಆಸರೆಯಾದವು. ಪ್ರವಾಹದಲ್ಲಿ ದೋಣಿ ನಡೆಸುವವನಿಗೆ ಬೇಕಾದುದು ಕಯಾಕ್ ಪಟುವಿನ ಕಣ್ಣೇ: ಸೆಳವು ಎಲ್ಲಿದೆ, ನೀರಿನಡಿಯಲ್ಲಿ ಯಾವ ಗೋಡೆ ಅಡಗಿದೆ, ಎಲ್ಲಿ ನಿಂತರೆ ಸುರಕ್ಷಿತ ಎಂಬ ಅರಿವು. ಮುಳುಗುವವನನ್ನು ಕಂಡೊಡನೆ ನೀರಿಗೆ ಹಾರದೆ, ದಡದಿಂದಲೇ ಹಗ್ಗವನ್ನೋ ಕೋಲನ್ನೋ ಖಾಲಿ ಕೊಡವನ್ನೋ ಚಾಚಬೇಕೆಂಬುದು ಈ ವಿದ್ಯೆಯ ಮೊದಲ ಸೂತ್ರ. ಅದನ್ನು ತಿಳಿಯಲು ದೋಣಿಯೂ ಬೇಕಿಲ್ಲ.

ಹಿಮದ ನಾಡಿನ ಬೇಟೆಗಾರನೂ ಹರಿಗೋಲಿನ ಅಂಬಿಗನೂ ಪರಸ್ಪರರನ್ನು ಕಂಡವರಲ್ಲ. ಆದರೂ ಇಬ್ಬರೂ ನೀರನ್ನು ಗೆಲ್ಲಲು ಹೊರಟವರಲ್ಲ. ಅದರ ಗುಣವನ್ನರಿತು ಅದರೊಡನೆ ಬಾಳಲು ಕಲಿತವರು. ಹೊಸ ಸಲಕರಣೆಗಳು ಮನುಷ್ಯನ ಕೈಗೆ ಬಲವನ್ನು ಕೊಟ್ಟಿವೆ. ಆದರೆ ಮುಂದೆ ಹೋಗಬೇಕೆ, ದಡಕ್ಕೆ ಬರಬೇಕೆ ಎಂಬುದನ್ನು ನಿರ್ಧರಿಸಬೇಕಾದುದು ಅವನ ಕಣ್ಣು ಮತ್ತು ವಿವೇಕಗಳೇ.