ಒಂದು ಹಳ್ಳಿಯ ಪಹಣಿಗೆ 501 ಪಯಣ

ಬೆಂಗಳೂರಿನ ಪೂರ್ವಕ್ಕಿರುವ ಕುಂದಲಹಳ್ಳಿಯ ಹೆಸರನ್ನು ನೀವು ಕೇಳಿರಬಹುದು. 2023ರಿಂದ ಅಲ್ಲಿಗೆ ಮೆಟ್ರೊ ರೈಲೂ ಹೋಗುತ್ತದೆ. ಪಕ್ಕದ ಇಪಿಐಪಿ ವಲಯದಲ್ಲಿ ಸ್ಯಾಪ್ ಲ್ಯಾಬ್ಸ್‌ನಂಥ ಸಂಸ್ಥೆಗಳು ದೊಡ್ಡ ಉದ್ಯಮಗಳ ಲೆಕ್ಕಪತ್ರ, ದಾಸ್ತಾನು, ಸಂಬಳ ಇತ್ಯಾದಿಗಳನ್ನು ನಿಭಾಯಿಸುವ ತಂತ್ರಾಂಶವನ್ನು ಸಿದ್ಧಪಡಿಸುತ್ತವೆ. ಈ ಕಟ್ಟಡಗಳು ನಿಂತಿರುವ ನೆಲ ಹಿಂದೆ ಹೊಲವಾಗಿತ್ತು. ಅದಕ್ಕೂ ಸರ್ವೆ ನಂಬರು, ಪಹಣಿ ಇದ್ದವು. ಆ ಪಹಣಿಯನ್ನೇ ಉದಾಹರಣೆಯಾಗಿಟ್ಟುಕೊಂಡು, ಉದ್ಯಮ ತಂತ್ರಾಂಶಗಳನ್ನು ಕಾಡುವ ಒಂದು ತೊಡಕನ್ನು ನೋಡೋಣ.

ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ 2001ರ ಸುಮಾರಿಗೆ 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. ಇಂಥ ಮಾಹಿತಿಯನ್ನು ದತ್ತಸಂಚಯದಲ್ಲಿ ಕೋಷ್ಟಕಗಳಾಗಿ ಇಡುತ್ತಾರೆ: ಸರ್ವೆ ನಂಬರುಗಳದ್ದು ಒಂದು, ಮಾಲೀಕರದ್ದು ಇನ್ನೊಂದು, ಬೆಳೆಗಳದ್ದು ಮತ್ತೊಂದು. ಈ ಸಂಬಂಧಾತ್ಮಕ ಮಾದರಿಯನ್ನು ಇ.ಎಫ್. ಕಾಡ್ 1970ರಲ್ಲಿ ಪ್ರಕಟಿಸಿದರು. ಆದರೆ ಜಾವಾದಂಥ ಭಾಷೆಯಲ್ಲಿ ಬರೆಯುವವರು ಕೋಷ್ಟಕಗಳಲ್ಲಿ ಯೋಚಿಸುವುದಿಲ್ಲ. ಅವರಿಗೆ ‘ಜಮೀನು’ ಒಂದು ಆಬ್ಜೆಕ್ಟ್. ಅದರೊಳಗೇ ಅದರ ಮಾಲೀಕರ ಪಟ್ಟಿ. ಈ ಎರಡು ರೂಪಗಳ ನಡುವೆ ದುಭಾಷಿಯಂತೆ ನಿಲ್ಲುವ ತಂತ್ರಾಂಶವೇ ಆಬ್ಜೆಕ್ಟ್-ರಿಲೇಶನಲ್ ಮ್ಯಾಪಿಂಗ್, ಚುಟುಕಾಗಿ ಓಆರ್‌ಎಂ. 2001ರಲ್ಲಿ ಆರಂಭವಾದ ಹೈಬರ್ನೇಟ್ ಇವುಗಳಲ್ಲಿ ಪ್ರಸಿದ್ಧ. (‘ಭೂಮಿ’ ತಂತ್ರಾಂಶ ಓಆರ್‌ಎಂ ಬಳಸಿತ್ತೆಂದು ಇದರ ಅರ್ಥವಲ್ಲ, ಪಹಣಿ ನಮಗೆಲ್ಲ ಪರಿಚಿತವಾದ್ದರಿಂದ ಆರಿಸಿಕೊಂಡಿದ್ದೇನೆ.)

500 ಸರ್ವೆ ನಂಬರುಗಳಿರುವ ಒಂದು ಹಳ್ಳಿಯ ಮಾಲೀಕರ ಪಟ್ಟಿ ಬೇಕೆನ್ನಿ. ಪ್ರೋಗ್ರಾಂ ಬರೆಯುವವರು ಎಲ್ಲ ಜಮೀನುಗಳನ್ನು ಕೇಳುತ್ತಾರೆ. ನಂತರ ಒಂದೊಂದನ್ನೇ ತೆಗೆದುಕೊಂಡು ‘ಇದರ ಮಾಲೀಕರು ಯಾರು?’ ಎನ್ನುತ್ತಾರೆ. ಬರೆದದ್ದು ಎರಡೇ ಸಾಲು. ನೋಡಿದರೆ ಎಲ್ಲವೂ ಗಣಕದ ಸ್ಮೃತಿಯಲ್ಲೇ ಸಿದ್ಧವಿದೆ ಎನಿಸುತ್ತದೆ. ಆದರೆ ಬಹುತೇಕ ಓಆರ್‌ಎಂಗಳು ಮಾಲೀಕರ ಪಟ್ಟಿಯನ್ನು ಕೇಳಿದಾಗ ಮಾತ್ರ ತರುತ್ತವೆ. ಹಾಗಾಗಿ ಜಮೀನುಗಳಿಗೆ ಒಂದು ಪ್ರಶ್ನೆ, ಮಾಲೀಕರಿಗಾಗಿ 500 ಪ್ರಶ್ನೆ, ಒಟ್ಟು 501 ಪ್ರಶ್ನೆಗಳು ದತ್ತಸಂಚಯಕ್ಕೆ ಹೋಗಿಬರುತ್ತವೆ. ಅಡುಗೆಗೆ ಕುಳಿತವರು ಕುಂದಲಹಳ್ಳಿಯಿಂದ ಕೆ.ಆರ್. ಮಾರುಕಟ್ಟೆಗೆ ಹೋಗಿ ಉಪ್ಪು ತಂದು, ಮತ್ತೆ ಹೋಗಿ ಜೀರಿಗೆ ತಂದಂತೆ. ತಂತ್ರಜ್ಞರು ಇದನ್ನು ‘ಎನ್ ಪ್ಲಸ್ ಒನ್’ ಸಮಸ್ಯೆ ಎನ್ನುತ್ತಾರೆ.

ಒಂದು ಪಯಣಕ್ಕೆ ಎಷ್ಟು ಕಾಲ? ಇಲ್ಲಿ ಭೌತವಿಜ್ಞಾನ ಅಡ್ಡ ಬರುತ್ತದೆ. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ದತ್ತಸಂಚಯ 1,000 ಕಿ.ಮೀ. ತಂತುವಿನಾಚೆ ಇದ್ದರೆ ಹೋಗಿಬರಲು ಕನಿಷ್ಠ 10 ಮಿಲಿಸೆಕೆಂಡು. 501 ಪಯಣಕ್ಕೆ 5 ಸೆಕೆಂಡು! ಎಷ್ಟೇ ವೇಗದ ಸಂಸ್ಕಾರಕ ಕೊಂಡರೂ ಇದು ಕಡಿಮೆಯಾಗದು. ಅದೇ, ತಂತ್ರಾಂಶ ಬರೆದವರ ಮೇಜಿನ ಮೇಲೆ ದತ್ತಸಂಚಯ ಪಕ್ಕದಲ್ಲೇ ಇರುತ್ತದೆ, ಪರೀಕ್ಷೆಗೆಂದು ಹತ್ತು ಜಮೀನುಗಳಿರುತ್ತವೆ. ಪಯಣಕ್ಕೆ ಅರ್ಧ ಮಿಲಿಸೆಕೆಂಡಿನಂತೆ 11 ಪಯಣ ಆರು ಮಿಲಿಸೆಕೆಂಡಿನೊಳಗೆ ಮುಗಿಯುತ್ತದೆ. ದೋಷ ಕಣ್ಣಿಗೆ ಬೀಳುವುದೇ ಇಲ್ಲ.

ಐದು ಸೆಕೆಂಡು ತಾನೇ, ಕಾಯಬಹುದಲ್ಲ ಎನ್ನುತ್ತೀರಾ? ಒಬ್ಬರಾದರೆ ಕಾಯಬಹುದು. ಆದರೆ ಉದ್ಯಮ ತಂತ್ರಾಂಶವು ದತ್ತಸಂಚಯಕ್ಕೆ ಸೀಮಿತ ಸಂಖ್ಯೆಯ ಸಂಪರ್ಕಗಳನ್ನು ಮಾತ್ರ ತೆರೆದಿಟ್ಟಿರುತ್ತದೆ. 50 ಸಂಪರ್ಕಗಳಿದ್ದು, ಪ್ರತಿ ಕೋರಿಕೆ ಒಂದನ್ನು 5 ಸೆಕೆಂಡು ಹಿಡಿದಿಟ್ಟರೆ, ಸೆಕೆಂಡಿಗೆ 10 ಕೋರಿಕೆಗಳಷ್ಟೇ ಪೂರೈಸುತ್ತವೆ. ಹನ್ನೊಂದನೆಯದರಿಂದ ಸರದಿ ಬೆಳೆಯುತ್ತದೆ. ಬೆಳೆಸಾಲದ ಕೊನೆಯ ದಿನ ಪಹಣಿಗಾಗಿ ನಿಂತ ರೈತನಿಗೆ ‘ಸರ್ವರ್ ಇಲ್ಲ’ ಎಂಬ ಉತ್ತರ ಸಿಗುವುದಕ್ಕೆ ಇಂಥದ್ದೂ ಒಂದು ಕಾರಣವಾಗಬಹುದು. ಆಗ ಇನ್ನಷ್ಟು ಯಂತ್ರಗಳನ್ನು ಸೇರಿಸಿದರೆ ಅವೂ ಅದೇ ಒಂದು ದತ್ತಸಂಚಯದ ಬಾಗಿಲು ಬಡಿಯುತ್ತವೆ.

ಪರಿಹಾರ ಸರಳ: ಸಾಮಾನಿನ ಚೀಟಿ ಬರೆದುಕೊಂಡು ಒಮ್ಮೆ ಹೋಗುವುದು. ಜಮೀನುಗಳಿಗೆ ಒಂದು ಪ್ರಶ್ನೆ, ‘ಈ 500 ಜಮೀನುಗಳ ಮಾಲೀಕರೆಲ್ಲ ಬೇಕು’ ಎಂದು ಇನ್ನೊಂದು. ಎರಡು ಪಯಣಕ್ಕೆ 20 ಮಿಲಿಸೆಕೆಂಡು. ದತ್ತಸಂಚಯದ ಕೆಲಸದ ಕಾಲವನ್ನು ಬಿಟ್ಟು ಲೆಕ್ಕ ಹಾಕಿದರೆ ಅದೇ 50 ಸಂಪರ್ಕಗಳು ಸೆಕೆಂಡಿಗೆ 2,500 ಕೋರಿಕೆಗಳನ್ನು ಪೂರೈಸಬಲ್ಲವು. ಎಲ್ಲವನ್ನೂ ಒಂದೇ ಪ್ರಶ್ನೆಯಲ್ಲಿ ಜೋಡಿಸುವ ಅತಿ ಉತ್ಸಾಹವೂ ಬೇಡ. ಒಂದು ಜಮೀನಿಗೆ 3 ಮಾಲೀಕರು, 4 ಬೆಳೆ, 5 ಸಾಲಗಳಿದ್ದರೆ ಜೋಡಣೆಯಲ್ಲಿ 3×4×5, ಅಂದರೆ 60 ಸಾಲುಗಳು ಹುಟ್ಟುತ್ತವೆ. ಬೇಕಾದ ಸಂಗತಿಗಳು ಕೇವಲ 12. ಹಾಗೆಯೇ ಹಳ್ಳಿಯ ಒಟ್ಟು ವಿಸ್ತೀರ್ಣ ಬೇಕಿದ್ದಾಗ 500 ಆಬ್ಜೆಕ್ಟ್‌ಗಳನ್ನು ತಂದು ಕೂಡಿಸುವ ಬದಲು ಕೂಡಿಸುವ ಕೆಲಸವನ್ನು ದತ್ತಸಂಚಯಕ್ಕೇ ಬಿಡಬೇಕು. ದಾಖಲೆಗಳನ್ನು ಹಂಚಿಡುವುದೂ ಉಂಟು: ‘ಭೂಮಿ’ಯ ಮಾಹಿತಿ ಮೊದಲಿಗೆ ಆಯಾ ತಾಲ್ಲೂಕಿನ ಗಣಕದಲ್ಲೇ ಇತ್ತು. ಆದರೆ 501 ಪ್ರಶ್ನೆ ಕೇಳುವ ಅಭ್ಯಾಸವನ್ನು ತಿದ್ದದೆ ಹಂಚಿದರೆ ಹೆಚ್ಚು ದಿನ ಬಾಳದು.

ಇದಕ್ಕೆಲ್ಲ ಓಆರ್‌ಎಂ ಅನ್ನೇ ದೂರುವವರಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಬೇಸರದ ಎಷ್ಟೋ ಕೆಲಸವನ್ನು ಅದು ತಪ್ಪಿಸುತ್ತದೆ. ದಾರಿಯನ್ನು ಮರೆಮಾಡುವುದಷ್ಟೇ ಅದರ ದೋಷ. ಮರೆ ಸರಿಸಿ ನೋಡುವುದು ನಿಮ್ಮ ಪ್ರಯೋಗಶಾಲೆಯಲ್ಲೇ ಸಾಧ್ಯ. ಪೈಥಾನ್ ಮತ್ತು ಎಸ್‌ಕ್ಯೂಎಲ್‌ಆಲ್ಕೆಮಿ ಎಂಬ ಉಚಿತ ಓಆರ್‌ಎಂ ಇದ್ದರೆ ಸಾಕು. ತರಗತಿಗಳು ಮತ್ತು ವಿದ್ಯಾರ್ಥಿಗಳು ಎಂಬ ಎರಡು ಕೋಷ್ಟಕ ಮಾಡಿ, ‘ಎಕೊ’ ಆಯ್ಕೆಯನ್ನು ಚಾಲೂ ಮಾಡಿ. ಪ್ರತಿ ಪ್ರಶ್ನೆಯೂ ಪರದೆಯ ಮೇಲೆ ಮೂಡುತ್ತದೆ. ಹತ್ತು ತರಗತಿಗಳ ವಿದ್ಯಾರ್ಥಿಗಳನ್ನು ಸುತ್ತಿನಲ್ಲಿ ಕೇಳಿಸಿ, ಎಷ್ಟು ಪ್ರಶ್ನೆಗಳು ಹೋದವೆಂದು ವಿದ್ಯಾರ್ಥಿಗಳಿಂದಲೇ ಎಣಿಸಿ. ಆಮೇಲೆ ‘ಸೆಲೆಕ್ಟ್‌ಇನ್‌ಲೋಡ್’ ಎಂಬ ಆಯ್ಕೆ ಸೇರಿಸಿ, ಇನ್ನೊಮ್ಮೆ ಎಣಿಸಲು ಹೇಳಿ.