ಕಾಲು ಮುರಿದ ದೈತ್ಯಯಂತ್ರ ನಿಂತೀತೇ?

ಪ್ರಶ್ನೆ: ಯುದ್ಧದ ವಿಡಿಯೊ ಗೇಮ್‌ಗಳಲ್ಲಿ ದೈತ್ಯ ರೋಬೋಟು ಕಾಲಿಗೆ ಪೆಟ್ಟಾದರೂ ಕುಂಟುತ್ತ ಕಾದುತ್ತದೆ. ಇದು ಸಾಧ್ಯವೇ?

ಉತ್ತರ: ಮೊದಲು ಸಮತೋಲನವನ್ನು ನೋಡೋಣ. ಕಾರ ಹುಣ್ಣಿಮೆಯ ಬಳಿಕ ಕಾಖಂಡಕಿ ಊರಿನ ಕರಿ ಹಬ್ಬದಲ್ಲಿ ಓಡುವ ಎತ್ತಿನ ಒಂದು ಕಾಲು ಉಳುಕಿದರೆ, ಉಳಿದ ಮೂರು ಗೊರಸುಗಳು ನೆಲದ ಮೇಲೆ ರಚಿಸುವ ತ್ರಿಕೋನದೊಳಗೆ ಗುರುತ್ವಕೇಂದ್ರ, ಅಂದರೆ ಇಡೀ ಭಾರ ನೆಲೆಗೊಂಡಂತಿರುವ ಬಿಂದು, ಇರುವವರೆಗೂ ಅದು ನಿಲ್ಲಬಲ್ಲದು, ಆದರೆ ಮುಂಗಾಲುಗಳ ಮೇಲೆ ಭಾರ ಹೆಚ್ಚಾದ್ದರಿಂದ ಅಲ್ಲಿನ ಪೆಟ್ಟು ಹಿಂಗಾಲಿನದಕ್ಕಿಂತ ಕಠಿಣ. ಎರಡೇ ಕಾಲಿನ ಯಂತ್ರಕ್ಕೆ ಈ ಆಸರೆಯಿಲ್ಲ.

ಗಾತ್ರವೇ ಇನ್ನೊಂದು ಶತ್ರು. ಎತ್ತರ 10 ಪಟ್ಟಾದರೆ ತೂಕ 1,000 ಪಟ್ಟಾಗುತ್ತದೆ, ಕಾಲಿನ ಅಡ್ಡಕೊಯ್ತದ ವಿಸ್ತೀರ್ಣ ಮಾತ್ರ 100 ಪಟ್ಟಷ್ಟೇ ಹಿಗ್ಗುವುದರಿಂದ, ಕೀಲುಗಳ ಮೇಲಿನ ಒತ್ತಡ 10 ಪಟ್ಟಾಗುತ್ತದೆ. 80 ಕಿಲೋ ತೂಗುವ ಮನುಷ್ಯನ ಆಕಾರವನ್ನೇ 10 ಪಟ್ಟು, ಅಂದರೆ ಸುಮಾರು 18 ಮೀಟರಿಗೆ ಹಿಗ್ಗಿಸಿದರೆ ತೂಕ 80 ಟನ್ನಿನಷ್ಟಾಗಿ, ಮಳೆಗೆ ನೆನೆದ ಡೋಣಿ ನದಿತೀರದ ಎರೆಭೂಮಿಯಲ್ಲಿ ಅದು ಗುಂಡು ತಗಲುವ ಮೊದಲೇ ಹೂತುಕೊಂಡೀತು. ವಿಜಯಪುರದ ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪನ್ನು ಸಾಗಿಸಲು 400 ಎತ್ತು, 10 ಆನೆ ಬೇಕಾದವೆಂಬ ಹೇಳಿಕೆಯನ್ನು ಇಲ್ಲಿ ನೆನೆಯಬಹುದು. ಭಾರ ಎಳೆಯಲು ಅಷ್ಟೊಂದು ಕಾಲುಗಳಿದ್ದವು.

ಆದ್ದರಿಂದ ಮೊಣಕಾಲಿನ ಕೀಲು ಸಿಕ್ಕಿಹಾಕಿಕೊಂಡರೆ ಯಂತ್ರವು ಸೊಂಟವನ್ನು ತಿರುಗಿಸುತ್ತ ನಿಧಾನವಾಗಿ ಕುಂಟುವುದು ನಂಬತಕ್ಕದ್ದು, ಕಾಲೇ ಕಳಚಿದ ಮೇಲೆ ಜಿಗಿಯುವುದು ನಂಬತಕ್ಕದ್ದಲ್ಲ. ಅಷ್ಟು ಎತ್ತರದಿಂದ ಬೀಳುವ ಯಂತ್ರಕ್ಕೆ ಶತ್ರುವಿನ ಗುಂಡಿಗಿಂತ ನೆಲದ ಹೊಡೆತವೇ ಹೆಚ್ಚು ಹಾನಿ ಮಾಡಬಹುದು.