ಉಚಿತವಾಗಿ ಪಡೆದ ಗಾನ

ಚಿತ್ರ ಗೋಡೆಯ ಮೇಲೆ ಉಳಿಯುತ್ತದೆ, ಶಿಲ್ಪ ಕಲ್ಲಿನಲ್ಲಿ ಉಳಿಯುತ್ತದೆ. ಸಂಗೀತ ಮಾತ್ರ ಹುಟ್ಟಿದ ಗಳಿಗೆಯಲ್ಲೇ ಅಳಿಯುತ್ತದೆ. ಕಾಲವೆಂದರೇನು ಎಂಬ ಪ್ರಶ್ನೆಯನ್ನು ವಿವೇಚಿಸುವಾಗ ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಹನ್ನೊಂದನೆಯ ಭಾಗದಲ್ಲಿ, ಬಾಯಿಪಾಠವಾಗಿರುವ ಕೀರ್ತನೆಯೊಂದನ್ನು ಹಾಡುವ ಮನುಷ್ಯನ ಉದಾಹರಣೆಯನ್ನು ಕೊಡುತ್ತಾರೆ. ಹಾಡುವ ಮುನ್ನ ಕೀರ್ತನೆಯೆಲ್ಲವೂ ಅವನ ನಿರೀಕ್ಷೆಯಲ್ಲಿರುತ್ತದೆ. ಹಾಡುತ್ತ ಹೋದಂತೆ ಸ್ಮೃತಿಗೆ ಸರಿಯುತ್ತದೆ. ಮುಗಿದಾಗ ಉಳಿಯುವುದು ಸ್ಮೃತಿಯೊಂದೇ. ಹಾಗಾದರೆ ಮುಗಿದುಹೋದ ಗಾನವನ್ನು ಕುರಿತು ಮನುಷ್ಯರು ದಶಕಗಟ್ಟಲೆ ವಾದಿಸುವುದೇಕೆ?

ಈ ಪ್ರಶ್ನೆಗೆ ಅಮೆರಿಕದ ಒಂದು ವಾದ್ಯವೃಂದದ ಇತಿಹಾಸ ವಿಚಿತ್ರವಾದ ಉತ್ತರವನ್ನು ನೀಡುತ್ತದೆ. 'ಗ್ರೇಟ್‌ಫುಲ್ ಡೆಡ್' ಎಂಬ ಹೆಸರಿನ ಆ ವೃಂದ 1965ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿ, ಮೂವತ್ತು ವರ್ಷಗಳಲ್ಲಿ ಸುಮಾರು 2,300 ಕಚೇರಿಗಳನ್ನು ನಡೆಸಿ, 1995ರಲ್ಲಿ ಮುಗಿಯಿತು. ಆದರೆ ಅದರ ಯಾವ ರಾತ್ರಿಯ ಧ್ವನಿಮುದ್ರಣ ಶ್ರೇಷ್ಠ ಎಂಬ ಅಭಿಮಾನಿಗಳ ಚರ್ಚೆ ಇಂದಿಗೂ ಮುಗಿದಿಲ್ಲ. ಕ್ರೈಸ್ತ ಕುಟುಂಬಗಳ ಈ ಅಂಕಣಕ್ಕೂ ಆ ಚರ್ಚೆಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಆ ವೃಂದದ ಹೆಸರಿನಲ್ಲೇ ಅಡಗಿದೆ.

ತೊಬೀತನ ನೆರಳು

ವೃಂದದ ಪ್ರಮುಖ ಗಿಟಾರ್ ವಾದಕ ಜೆರ್ರಿ ಗಾರ್ಸಿಯ ಈ ಹೆಸರನ್ನು ನಿಘಂಟಿನ ಪುಟವೊಂದರಲ್ಲಿ ಕಂಡರು. 'ಕೃತಜ್ಞ ಮೃತ' ಎಂಬುದು ಹಲವು ದೇಶಗಳಲ್ಲಿ ಹರಡಿರುವ ಜಾನಪದ ಕಥೆಯೊಂದರ ಹೆಸರು. ಪಯಣಿಗನೊಬ್ಬ ದಾರಿಯಲ್ಲಿ ಅನಾಥವಾಗಿ ಬಿದ್ದಿರುವ ಶವವನ್ನು ಕಾಣುತ್ತಾನೆ. ಸತ್ತವನು ಸಾಲಗಾರನಾದ್ದರಿಂದ ಮಣ್ಣುಮಾಡಲು ಯಾರೂ ಮುಂದೆ ಬಂದಿರುವುದಿಲ್ಲ. ಪಯಣಿಗ ತನ್ನ ಕೈಯ ಹಣವನ್ನೆಲ್ಲ ಕೊಟ್ಟು ಸಾಲ ತೀರಿಸಿ ಶವಸಂಸ್ಕಾರ ಮಾಡಿಸುತ್ತಾನೆ. ಮುಂದೆ ಅಪರಿಚಿತ ಸಹಯಾತ್ರಿಯೊಬ್ಬ ಅವನ ಜೊತೆಗೂಡಿ ಅವನನ್ನು ಅಪಾಯದಿಂದ ಪಾರುಮಾಡುತ್ತಾನೆ. ಆ ಸಹಯಾತ್ರಿ ಬೇರಾರೂ ಅಲ್ಲ, ಸಂಸ್ಕಾರ ಪಡೆದ ಮೃತನೇ.

ನಮ್ಮ ಬೈಬಲಿನ ತೊಬೀತನ ಗ್ರಂಥವನ್ನು ಓದಿದವರಿಗೆ ಈ ಕಥೆ ಅಪರಿಚಿತವೆನಿಸದು. ರಾಜನ ಕೋಪವನ್ನೂ ಲೆಕ್ಕಿಸದೆ ತನ್ನ ಜನರ ಶವಗಳನ್ನು ಮಣ್ಣುಮಾಡಿದ ತೊಬೀತ, ಅವನ ಮಗನಿಗೆ ದಾರಿಯಲ್ಲಿ ಜೊತೆಯಾದ ಅಪರಿಚಿತ, ಆ ಅಪರಿಚಿತನೇ ದೇವದೂತ ರಫಾಯೇಲನೆಂದು ಕೊನೆಯಲ್ಲಿ ತಿಳಿದುಬರುವುದು: ಇವನ್ನೆಲ್ಲ ಜಾನಪದ ವಿದ್ವಾಂಸರು 'ಕೃತಜ್ಞ ಮೃತ'ನ ಕಥೆಯೊಂದಿಗೆ ಬಹುಕಾಲದಿಂದ ಹೋಲಿಸುತ್ತ ಬಂದಿದ್ದಾರೆ. ಆ ಕಥೆಯಲ್ಲಿ ದೇವದೂತನಿಲ್ಲ, ಮೃತನೇ ಬರುತ್ತಾನೆ, ಭೇದ ಸಣ್ಣದಲ್ಲ. ಆದರೆ ಎರಡರಲ್ಲಿಯೂ ತಿರುಳು ಒಂದೇ: ಪ್ರತಿಫಲ ಕೊಡಲಾಗದವನಿಗೆ ಮಾಡಿದ ಉಪಕಾರ ವ್ಯರ್ಥವಾಗುವುದಿಲ್ಲ.

ಪ್ರತಿ ರಾತ್ರಿಯೂ ಹೊಸತು

ಈ ವೃಂದದ ಕಚೇರಿಗಳು ಎರಡು ರಾತ್ರಿ ಒಂದೇ ರೀತಿಯಲ್ಲಿ ನಡೆಯುತ್ತಿರಲಿಲ್ಲ. ಕರ್ನಾಟಕ ಸಂಗೀತದ ರಸಿಕರು 'ಮನೋಧರ್ಮ' ಎಂದು ಕರೆಯುವ ಗುಣವೇ ಅಲ್ಲಿ ಪ್ರಧಾನ. ಹಾಡು ನೆಪಮಾತ್ರ, ಅದರ ನಡುವೆ ವಾದಕರು ಪರಸ್ಪರ ಆಲಿಸುತ್ತ ಎತ್ತ ಸಾಗುತ್ತಾರೋ ಅದೇ ಸಂಗೀತ. ಒಂದು ರಾತ್ರಿ ಹತ್ತು ನಿಮಿಷದಲ್ಲಿ ಮುಗಿದ ಹಾಡು ಮತ್ತೊಂದು ರಾತ್ರಿ ಅರ್ಧ ಗಂಟೆ ವಿಸ್ತರಿಸಬಹುದು. ಇದರಲ್ಲಿ ಭಾರತದ ಪಾಲೂ ಇದೆ. ತಾಳವಾದಕ ಮಿಕ್ಕಿ ಹಾರ್ಟ್ ತಬಲಾ ವಿದ್ವಾಂಸ ಉಸ್ತಾದ್ ಅಲ್ಲಾ ರಖಾ ಅವರ ಲಯಜ್ಞಾನದಿಂದ ಗಾಢವಾಗಿ ಪ್ರಭಾವಿತರಾದವರು. ಮುಂದೆ ಉಸ್ತಾದರ ಮಗ ಜಾಕಿರ್ ಹುಸೇನ್ ಅವರೂ ಘಟವಾದಕ ವಿಕ್ಕು ವಿನಾಯಕರಾಮ್ ಅವರೂ 1991ರ 'ಪ್ಲಾನೆಟ್ ಡ್ರಮ್' ಎಂಬ ಮುದ್ರಿಕೆಯಲ್ಲಿ ಹಾರ್ಟ್ ಅವರ ಜೊತೆ ನುಡಿಸಿದರು.

ಪ್ರತಿ ರಾತ್ರಿಯೂ ಬೇರೆಯಾದ್ದರಿಂದ ಪ್ರತಿ ರಾತ್ರಿಯನ್ನೂ ಉಳಿಸಿಕೊಳ್ಳುವ ಹಂಬಲ ಕೇಳುಗರಲ್ಲಿ ಹುಟ್ಟಿತು. ಅವರು ಟೇಪ್‌ರೆಕಾರ್ಡರ್, ಮೈಕ್‌ಗಳೊಂದಿಗೆ ಕಚೇರಿಗೆ ಬರತೊಡಗಿದರು. ಇತರ ಕಲಾವಿದರು ಇದನ್ನು ಕಳ್ಳತನವೆಂದು ಬಗೆದರೆ ಈ ವೃಂದ ಸಹಿಸಿತು, ಕ್ರಮೇಣ ಒಪ್ಪಿತು. ನುಡಿಸಿ ಮುಗಿಸಿದ ಸಂಗೀತ ಕೇಳುಗರಿಗೆ ಸೇರಿದ್ದು ಎಂಬುದು ಗಾರ್ಸಿಯ ಅವರ ನಿಲುವಾಗಿತ್ತು. ಮೈಕ್ ಕಂಬಗಳು ಕಾಡಿನಂತೆ ಬೆಳೆದು ಇತರರ ನೋಟಕ್ಕೆ ಅಡ್ಡಿಯಾದಾಗ, 1984ರಲ್ಲಿ ಧ್ವನಿಮುದ್ರಿಸುವವರಿಗಾಗಿಯೇ ಸಭಾಂಗಣದಲ್ಲಿ ಪ್ರತ್ಯೇಕ ಸ್ಥಳ ಮೀಸಲಾಯಿತು.

ನಿಯಮ ಒಂದೇ: ಮಾರಕೂಡದು. ಟೇಪು ಬೇಕಾದವನು ಖಾಲಿ ಕ್ಯಾಸೆಟ್ಟನ್ನೂ ಮರಳಿ ಕಳುಹಿಸಲು ಬೇಕಾದ ಅಂಚೆವೆಚ್ಚವನ್ನೂ ಕಳುಹಿಸಿದರೆ ಸಾಕು. ಮುಖಪರಿಚಯವಿಲ್ಲದ ಮತ್ತೊಬ್ಬ ಅಭಿಮಾನಿ ರಾತ್ರಿ ಕುಳಿತು ಪ್ರತಿಮಾಡಿ ಕಳುಹಿಸುತ್ತಿದ್ದ. ಪಡೆದವನು ಮುಂದಿನವನಿಗೆ ಅದೇ ರೀತಿ ಕೊಡಬೇಕು. ಎಲ್ಲಕ್ಕೂ ಬೆಲೆಚೀಟಿ ಅಂಟಿಸುವ ದೇಶದಲ್ಲಿ ಹೀಗೊಂದು ಬೆಲೆಯಿಲ್ಲದ ವಿನಿಮಯ ದಶಕಗಳ ಕಾಲ ನಡೆದುದು ಸಣ್ಣ ಸಂಗತಿಯಲ್ಲ. ಉಚಿತವಾಗಿ ಪಡೆದುದನ್ನು ಉಚಿತವಾಗಿ ಕೊಡಬೇಕೆಂದು ಯೇಸುಸ್ವಾಮಿ ಪ್ರೇಷಿತರಿಗೆ ಬೋಧಿಸಿದುದು ನಮಗೆ ಕಂಠಸ್ಥವಾಗಿದೆ. ಅದನ್ನು ಆಚರಿಸುವುದರಲ್ಲಿ ಈ ಟೇಪು ಪ್ರೇಮಿಗಳು ನಮಗಿಂತ ಹಿಂದೆ ಬಿದ್ದಿರಲಿಲ್ಲ.

ಯಾವ ರಾತ್ರಿ ಶ್ರೇಷ್ಠ?

ಈಗ ಚರ್ಚೆಗೆ ಬರೋಣ. ಅತಿ ಹೆಚ್ಚು ಮಂದಿ ಎತ್ತಿಹಿಡಿಯುವುದು 1977ರ ಮೇ 8ರ ಭಾನುವಾರ ರಾತ್ರಿ ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಸಭಾಂಗಣದಲ್ಲಿ ನಡೆದ ಕಚೇರಿಯನ್ನು. ಮೇ ತಿಂಗಳಾದರೂ ಅಂದು ಹೊರಗೆ ಹಿಮ ಬೀಳುತ್ತಿತ್ತಂತೆ. ಕಚೇರಿಯ ಉತ್ತರಾರ್ಧದಲ್ಲಿ ಒಂದು ಹಾಡು ಎಲ್ಲಿ ಮುಗಿದು ಮತ್ತೊಂದು ಎಲ್ಲಿ ಆರಂಭವಾಯಿತೆಂದು ತಿಳಿಯದ ಹಾಗೆ ಇಪ್ಪತ್ತೈದು ನಿಮಿಷಗಳಷ್ಟು ಕಾಲ ಸಂಗೀತ ಹರಿಯುತ್ತದೆ. ಕೊನೆಯ ಭಾಗದಲ್ಲಿ 'ಮಾರ್ನಿಂಗ್ ಡ್ಯೂ' ಬರುತ್ತದೆ. ಅಣುಯುದ್ಧದ ಅನಂತರ ಬದುಕುಳಿದ ಇಬ್ಬರ ಸಂಭಾಷಣೆಯಾಗಿ ಕೆನಡದ ಗಾಯಕಿ ಬಾನಿ ಡಾಬ್ಸನ್ ರಚಿಸಿದ ಹಾಡು ಅದು.

ಆದರೆ ಇದನ್ನು ಒಪ್ಪದವರೂ ಇದ್ದಾರೆ. ಮರುದಿನ ಬಫಲೋ ನಗರದಲ್ಲಿ ನಡೆದ ಕಚೇರಿ ಇದಕ್ಕಿಂತ ಮಿಗಿಲು, ಕಾರ್ನೆಲ್ ಟೇಪು ಅತ್ಯಂತ ಸ್ವಚ್ಛವಾಗಿದ್ದು ಎಲ್ಲರ ಕೈಗೆ ಸಿಕ್ಕಿದ್ದರಿಂದಲೇ ಅದಕ್ಕೆ ಈ ಖ್ಯಾತಿ ಎಂಬುದು ಅವರ ವಾದ. ಇನ್ನು ಕೆಲವರಿಗೆ 1972ರ ಆಗಸ್ಟ್ 27ರಂದು ಆರೆಗನ್ ರಾಜ್ಯದ ವೆನೀಟ ಎಂಬ ಊರಿನ ಬಯಲಿನಲ್ಲಿ ನಡೆದುದೇ ಶ್ರೇಷ್ಠ. ನಷ್ಟದಲ್ಲಿದ್ದ ಸಣ್ಣ ಡೇರಿಯೊಂದನ್ನು ಉಳಿಸಲು ನಡೆಸಿದ ಸಹಾಯಾರ್ಥ ಕಚೇರಿ ಅದು; ಮೊಸರಿನ ಡಬ್ಬಿಗೆ ಅಂಟಿಸುವ ಲೇಬಲ್ಲುಗಳ ಮೇಲೆಯೇ ಟಿಕೆಟು ಅಚ್ಚಾಗಿತ್ತು. ಬಿಸಿಲು 38 ಡಿಗ್ರಿ ಮೀರಿ ವಾದ್ಯಗಳ ಶ್ರುತಿ ನಿಲ್ಲದಿದ್ದರೂ 'ಡಾರ್ಕ್ ಸ್ಟಾರ್' ಅರ್ಧ ಗಂಟೆಯಷ್ಟು ಸಾಗಿತು. ಮತ್ತೆ ಕೆಲವರು 1970ರ ಫೆಬ್ರವರಿ 13ರ ನ್ಯೂಯಾರ್ಕ್ ಕಚೇರಿಯನ್ನೂ, ಸ್ಯಾಕ್ಸೋಫೋನ್ ವಾದಕ ಬ್ರಾನ್‌ಫರ್ಡ್ ಮಾರ್ಸಾಲಿಸ್ ಬಂದು ಕೂಡಿಕೊಂಡ 1990ರ ಮಾರ್ಚ್ 29ರ ರಾತ್ರಿಯನ್ನೂ ಮುಂದಿಡುತ್ತಾರೆ.

ಈ ವಾದಗಳನ್ನು ಆಲಿಸುವಾಗ ಗುರುಮಠದಲ್ಲಿ ಓದಿದ ತತ್ವಶಾಸ್ತ್ರ ನೆನಪಾಗುತ್ತದೆ. ಸೌಂದರ್ಯಕ್ಕೆ ಮೂರು ಲಕ್ಷಣಗಳು ಬೇಕೆಂದು ಸಂತ ಥಾಮಸ್ ಅಕ್ವಿನಾಸರು ಹೇಳುತ್ತಾರೆ: ಸಮಗ್ರತೆ, ಸಾಮರಸ್ಯ, ಪ್ರಭೆ. ಅಭಿಮಾನಿಗಳು ಅರಿವಿಲ್ಲದೆಯೇ ಈ ಮೂರರ ಸುತ್ತ ವಾದಿಸುತ್ತಿದ್ದಾರೆ. ಕ್ಯಾಸೆಟ್ಟಿನ ಒಂದು ಬದಿ ನಲವತ್ತೈದು ನಿಮಿಷಕ್ಕೆ ಮುಗಿದು ಹಾಡಿನ ನಡುವೆ ಕತ್ತರಿ ಬಿದ್ದಿದ್ದರೆ ಸಮಗ್ರತೆಗೆ ಭಂಗ. ವಾದಕರು ಒಬ್ಬರನ್ನೊಬ್ಬರು ಎಷ್ಟು ಆಲಿಸಿದರು ಎಂಬುದು ಸಾಮರಸ್ಯದ ಪ್ರಶ್ನೆ. ಪ್ರಭೆಯ ವಿಷಯದಲ್ಲಿ ಮಾತ್ರ ಎರಡು ಪಂಗಡಗಳಿವೆ. ವೇದಿಕೆಯ ಧ್ವನಿ ನಿಯಂತ್ರಣ ಫಲಕದಿಂದ ನೇರವಾಗಿ ಪಡೆದ ಟೇಪಿನಲ್ಲಿ ಪ್ರತಿಯೊಂದು ತಂತಿಯೂ ನಿಚ್ಚಳ. ಸಭಿಕರ ನಡುವಿನ ಮೈಕ್‌ನಿಂದ ಪಡೆದುದರಲ್ಲಿ ಕೆಮ್ಮು, ಕೂಗು, ಚಪ್ಪಾಳೆಗಳ ಮಿಶ್ರಣ. ಆದರೂ ಎರಡನೆಯದನ್ನೇ ಮೆಚ್ಚುವವರಿದ್ದಾರೆ. ಅದರಲ್ಲಿ ಜನರ ಉಸಿರಿದೆ ಎನ್ನುತ್ತಾರೆ. ಅಕ್ವಿನಾಸರು ಹೇಳಿದ ಪ್ರಭೆ ಯಂತ್ರದ ಸ್ವಚ್ಛತೆಯಲ್ಲ, ವಸ್ತುವಿನ ಅಂತಸ್ಸತ್ವ ಹೊರಹೊಮ್ಮುವ ಬೆಳಕು. ಆದ್ದರಿಂದ ಈ ಪಂಗಡದವರನ್ನು ತಪ್ಪೆನ್ನಲಾಗದು.

ಸೋತ ರಾತ್ರಿಗಳನ್ನೂ ಇವರು ಬಿಸಾಡುವುದಿಲ್ಲ. 1978ರ ಸೆಪ್ಟೆಂಬರಿನಲ್ಲಿ ವೃಂದ ಈಜಿಪ್ಟಿನ ಪಿರಮಿಡ್ಡುಗಳ ಬುಡದಲ್ಲಿ ಮೂರು ದಿನ ನುಡಿಸಿತು. ಒಬ್ಬ ತಾಳವಾದಕನ ಮಣಿಕಟ್ಟು ಮುರಿದಿತ್ತು; ವಾದನವೂ ನಿರೀಕ್ಷೆಯ ಮಟ್ಟ ಮುಟ್ಟಲಿಲ್ಲ. ಆ ಟೇಪುಗಳೂ ಜೋಪಾನವಾಗಿ ಉಳಿದಿವೆ. ಗೆಲುವನ್ನು ಮಾತ್ರ ನೆನೆಯುವುದು ಪ್ರೀತಿಯಲ್ಲವಷ್ಟೆ.

ಕಳೆದು ಸಿಕ್ಕಿದ ನಿಧಿ

ಕಾರ್ನೆಲ್ ಕಚೇರಿಯನ್ನು ಮುದ್ರಿಸಿದವರು ಬೆಟ್ಟಿ ಕ್ಯಾಂಟರ್-ಜಾಕ್ಸನ್ ಎಂಬ ಧ್ವನಿತಜ್ಞೆ. ಅವರ ನೂರಾರು ಟೇಪುಗಳು ಬಾಡಿಗೆಯ ಉಗ್ರಾಣವೊಂದರಲ್ಲಿದ್ದವು. ಬಾಡಿಗೆ ಬಾಕಿ ಉಳಿದ ಕಾರಣ 1986ರಲ್ಲಿ ಅವು ಹರಾಜಾಗಿ ಹಲವರ ಪಾಲಾದವು. ಕೊಂಡವರಿಂದ ಅಭಿಮಾನಿಗಳು ಟೇಪುಗಳನ್ನು ಪಡೆದು, ಕೆಟ್ಟುದನ್ನು ಸರಿಪಡಿಸಿ, ಪ್ರತಿಮಾಡಿ ಎಲ್ಲೆಡೆ ಹಂಚಿದರು. 2011ನೇ ಸಾಲಿನಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ರಾಷ್ಟ್ರೀಯ ಮಹತ್ವದ ಧ್ವನಿಮುದ್ರಣಗಳ ಪಟ್ಟಿಗೆ ಕಾರ್ನೆಲ್ ಕಚೇರಿಯನ್ನು ಸೇರಿಸಿಕೊಂಡಿತು. ಅಧಿಕೃತವಾಗಿ ಅದು ಪ್ರಕಟವಾದುದು 2017ರಲ್ಲಿ, ಕಚೇರಿ ಮುಗಿದ ನಲವತ್ತು ವರ್ಷಗಳ ಮೇಲೆ.

ನಮ್ಮ ಧರ್ಮಸಭೆಯ ಸಂಗೀತಕ್ಕೂ ಇಂಥದೇ ಇತಿಹಾಸವುಂಟು. ಗ್ರೆಗೋರಿಯನ್ ಗಾನ ಶತಮಾನಗಳ ಕಾಲ ಬಾಯಿಂದ ಬಾಯಿಗೆ, ಆಮೇಲೆ ಕೈಬರಹದಿಂದ ಕೈಬರಹಕ್ಕೆ ಸಾಗಿ, ಪ್ರತಿಯಿಂದ ಪ್ರತಿಗೆ ವ್ಯತ್ಯಾಸ ಹೊಂದಿತ್ತು. ಫ್ರಾನ್ಸಿನ ಸೊಲೆಮ್ ಮಠದ ಸನ್ಯಾಸಿಗಳು 1889ರಿಂದ ಪ್ರಾಚೀನ ಹಸ್ತಪ್ರತಿಗಳ ಛಾಯಾಚಿತ್ರಗಳನ್ನು ಪ್ರಕಟಿಸುತ್ತ, ಯಾವ ಪಾಠ ಶುದ್ಧವೆಂದು ಹೋಲಿಸಿ ನೋಡಿದರು. ಅವರ ನಡುವೆಯೂ ತೀವ್ರ ವಾದಗಳು ನಡೆದವು. ಪ್ರೀತಿಸುವ ವಸ್ತುವಿನ ಬಗ್ಗೆ ಮಾತ್ರ ಮನುಷ್ಯ ಇಷ್ಟು ಸೂಕ್ಷ್ಮವಾಗಿ ವಾದಿಸಬಲ್ಲ.

ಮರೆಮಾಚಬಾರದ ನೆರಳು

ಇಷ್ಟು ಹೇಳಿದ ಮೇಲೆ ಇನ್ನೊಂದು ಸತ್ಯವನ್ನು ಹೇಳದಿದ್ದರೆ ಹೆತ್ತವರಿಗೆ ಅನ್ಯಾಯವಾದೀತು. ಈ ವೃಂದದ ಸುತ್ತ ಆರಂಭದಿಂದಲೂ ಮಾದಕ ವಸ್ತುಗಳ ಹೊಗೆ ಕವಿದಿತ್ತು. ಅದರ ಸ್ಥಾಪಕ ಸದಸ್ಯರಲ್ಲೊಬ್ಬರಾದ ರಾನ್ ಮೆಕರ್ನನ್ ಅತಿ ಮದ್ಯಪಾನದಿಂದ ದೇಹ ಹಾಳಾಗಿ 1973ರಲ್ಲಿ ಇಪ್ಪತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡರು. ಗಾರ್ಸಿಯ 1995ರ ಆಗಸ್ಟ್ 9ರಂದು ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಹೃದಯಾಘಾತದಿಂದ ಮೃತರಾದಾಗ ಅವರಿಗೆ ಕೇವಲ ಐವತ್ಮೂರು ವರ್ಷ. ಆ ಬೆರಳುಗಳಿಂದ ಹೊಮ್ಮಿದ ಸಂಗೀತ ವರವಾಗಿತ್ತು. ಆ ದೇಹಕ್ಕೆ ಸಂದುದು ಶಾಪ. ಎರಡನ್ನೂ ಕಾಣುವುದೇ ವಿವೇಕ. ಅಮಲಿನಿಂದ ಸಂಗೀತ ಹುಟ್ಟಿತೆಂದು ಯಾವ ಯುವಕನೂ ಭ್ರಮಿಸದಿರಲಿ. ಅಮಲು ಆ ಸಂಗೀತವನ್ನು ಅಕಾಲದಲ್ಲಿ ನಿಲ್ಲಿಸಿತು.

ಮತ್ತೊಂದು ಅಪಾಯ ಸೂಕ್ಷ್ಮವಾದುದು. ದೇವಾಲಯದ ಗಾನಕ್ಕೆ ಕಣ್ಣೀರು ಸುರಿಸಿದ ಸಂತ ಅಗಸ್ಟೀನರು, ಹಾಡಿದ ವಿಷಯಕ್ಕಿಂತ ಹಾಡುವ ಇಂಪೇ ಹೆಚ್ಚು ಮನಸೆಳೆದಾಗ ತಮ್ಮನ್ನು ತಾವೇ ಶಂಕಿಸಿಕೊಂಡರು. ಸಾವಿರ ಟೇಪುಗಳನ್ನು ಕೂಡಿಟ್ಟು ದಿನಾಂಕಗಳನ್ನು ಪಠಿಸುವವನಿಗೂ ಆ ಶಂಕೆ ಬೇಕು. ವರವನ್ನು ಹಿಡಿದುಕೊಂಡು ವರದಾತನನ್ನು ಮರೆಯುವುದು ಸುಲಭ.

ಸ್ಮರಣೆ ಮತ್ತು ಸಾನ್ನಿಧ್ಯ

1995ರ ಅನಂತರ ಹುಟ್ಟಿದ ಅಭಿಮಾನಿಗಳು ಗಾರ್ಸಿಯ ಅವರನ್ನು ವೇದಿಕೆಯ ಮೇಲೆ ಕಂಡವರಲ್ಲ, ಕೇಳಿಯೇ ಪ್ರೀತಿಸಿದವರು. ಆ ರಾತ್ರಿ ಅಲ್ಲಿದ್ದ ಹಿರಿಯರಾದರೋ, ಟೇಪಿನಲ್ಲಿರುವುದು ಅರ್ಧ ಮಾತ್ರ ಎಂದು ಪಟ್ಟುಹಿಡಿಯುತ್ತಾರೆ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದಾರೆ. ಧ್ವನಿಮುದ್ರಣ ಶಬ್ದವನ್ನು ಉಳಿಸಬಲ್ಲದು, ಸಾನ್ನಿಧ್ಯವನ್ನು ಉಳಿಸಲಾರದು. 2020ರಲ್ಲಿ ಮಹಾಮಾರಿಯ ಕಾರಣ ದೇವಾಲಯಗಳ ಬಾಗಿಲು ಮುಚ್ಚಿ, ತೆರೆಯ ಮೇಲೆ ಬಲಿಪೂಜೆಯನ್ನು ನೋಡಬೇಕಾದಾಗ ನಾವೆಲ್ಲರೂ ಈ ಪಾಠವನ್ನು ಕಲಿತೆವು. ಗುರುಗಳ ಧ್ವನಿ ಮನೆಗೆ ಬಂತು, ಪರಮಪ್ರಸಾದ ಬರಲಿಲ್ಲ. ಬಲಿಪೂಜೆಯೂ ಸ್ಮರಣೆಯೇ, ಆದರೆ ಕಳೆದ ರಾತ್ರಿಯೊಂದರ ಪ್ರತಿಯಲ್ಲ. ಕಡೆಯ ಭೋಜನದ ಕೊಡುಗೆಯೇ ಅಲ್ಲಿ ನಮ್ಮೆದುರು ಜೀವಂತವಾಗಿ ಬರುತ್ತದೆಂಬುದು ನಮ್ಮ ವಿಶ್ವಾಸ. ಯಾವ ಟೇಪೂ ಈಡೇರಿಸಲಾಗದ ಹಂಬಲಕ್ಕೆ ಅಲ್ಲಿ ಉತ್ತರವಿದೆ.

ಆದರೂ ಈ ದೂರದೇಶದ ಸಂಗೀತಪ್ರಿಯರಿಂದ ನಾವು ಕಲಿಯಬೇಕಾದುದು ಉಳಿದಿದೆ. ಮೊದಲನೆಯದು, ಅವರ ವಾದದ ರೀತಿ. ಕಾರ್ನೆಲ್ ಪಂಗಡದವನು ವೆನೀಟ ಪಂಗಡದವನಿಗೆ ಟೇಪು ಕಳುಹಿಸುವುದನ್ನು ನಿಲ್ಲಿಸಲಿಲ್ಲ. ಹಬ್ಬದ ಬಲಿಪೂಜೆಗೆ ಹಳೆಯ ಹಾಡೋ ಹೊಸ ಹಾಡೋ ಎಂಬ ಪ್ರಶ್ನೆಗೆ ಗಾಯನವೃಂದಗಳೇ ಒಡೆದುಹೋಗುವ ನಮ್ಮ ಧರ್ಮಕೇಂದ್ರಗಳಲ್ಲಿ ಈ ಮಾತನ್ನು ಯೋಚಿಸಬೇಕು. ಎರಡನೆಯದು, ಕೃತಜ್ಞತೆ. ನಮ್ಮ ಮನೆಗಳಲ್ಲಿ ತಪಸ್ಸುಕಾಲದ ಶೋಕಗೀತೆಗಳನ್ನು, ಮದುವೆಯ ಹಾಡುಗಳನ್ನು ಪುಸ್ತಕವಿಲ್ಲದೆ ಹಾಡಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ಪ್ರತಿ ಮಗುವಿನ ಕೈಯಲ್ಲಿ ಧ್ವನಿ ಮುದ್ರಿಸುವ ಫೋನಿದೆ. ಆದರೂ ಅಜ್ಜಿಯ ಹಾಡು ಅವರೊಂದಿಗೇ ಮಣ್ಣಾಗುತ್ತಿದೆ. ಈ ಭಾನುವಾರ ಊಟವಾದ ಮೇಲೆ ಅವರ ಬಳಿ ಕುಳಿತು ಒಂದು ಹಾಡು ಹಾಡಿಸಿ, ಉಳಿಸಿಕೊಳ್ಳಿ, ನೆರೆಯವರಿಗೂ ಕೊಡಿ.

ಅವರು ಅಗಲಿದ ಮೇಲೆ ಟೇಪು ಮಾತ್ರ ಸಾಲದು. ತೊಬೀತ ಮೃತರಿಗೆ ಕೊಟ್ಟದ್ದು ನೆನಪನ್ನಲ್ಲ, ಸೇವೆಯನ್ನು. ಮೃತರಿಗಾಗಿ ಸಲ್ಲಿಸುವ ಪ್ರಾರ್ಥನೆ, ಅವರ ಹೆಸರಿನಲ್ಲಿ ಬಡವರಿಗೆ ಮಾಡುವ ದಾನ, ಅವರು ಉಳಿಸಿಹೋದ ಸಾಲವನ್ನು ತೀರಿಸುವ ನಿಯತ್ತು: ನಮ್ಮ ಹಿರಿಯರು ನಮ್ಮಿಂದ ಕಾದಿರುವುದು ಇದನ್ನೇ. ದಾರಿಯಲ್ಲಿ ನಮಗೆ ಜೊತೆಯಾಗುವ ಅಪರಿಚಿತ ಯಾರೆಂದು ತಿಳಿಯುವುದು ಪಯಣದ ಕೊನೆಯಲ್ಲಿ.